ಎಪ್ಪತ್ತೊಂದು ದಿನ ಸವೆದ ಪ್ಲೆಕ್ಟ್ರಮ್

ಫಿರ್ದೋಸ್, ಬ್ಯಾಂಜೊ ಮೀಟುವ ಆ ಸವೆದ ಪ್ಲೆಕ್ಟ್ರಮ್ ನಿನ್ನದು. ನಿನ್ನ ಬೆಂಕಿಪೆಟ್ಟಿಗೆಯಿಂದ ಅದನ್ನು ತೆಗೆದು ನನ್ನ ಪೆಟ್ಟಿಗೆಯಲ್ಲಿಟ್ಟು, ನನ್ನದನ್ನು ನಿನ್ನದರಲ್ಲಿಟ್ಟವಳು ನಾನು. 2001ರ ಸೆಪ್ಟೆಂಬರ್ ತಿಂಗಳ ಕೊನೆಯ ಶನಿವಾರ, ಮಧ್ಯಾಹ್ನ ಮೂರೂ ಮುಕ್ಕಾಲು. ಮಾಸ್ಟರ್ ಒಳಗೆ ಚಹಾ ಮಾಡುತ್ತಿದ್ದರು. ನೀನು ಇನ್ನೂ ಬಂದಿರಲಿಲ್ಲ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಇದನ್ನು ಮೊದಲೇ ಬರೆದುಬಿಟ್ಟೆ — ಕಥೆ ಹೇಳುತ್ತಾ ಹೋದರೆ ಎಲ್ಲೋ ಒಂದು ಕಡೆ ನನ್ನ ಪರವಾಗಿ ನಾನೇ ವಾದಿಸಲು ಶುರುಮಾಡುತ್ತೇನೆಂದು ನನಗೆ ಗೊತ್ತು.

ನಮ್ಮಿಬ್ಬರಿಗೂ ಆಗ ಹದಿನೇಳು. ನಾನು ಜೀವನ್ ಬಿಮಾ ನಗರದಿಂದ ಬಸ್ಸಿನಲ್ಲಿ, ನೀನು ಶಿವಾಜಿನಗರದಿಂದ ನಿಮ್ಮ ಅಬ್ಬಾ ಜೊತೆ ಸ್ಕೂಟರಿನಲ್ಲಿ — ಇಬ್ಬರೂ ಹಲಸೂರು ಕೆರೆಯ ಹಿಂದಿನ ಗಲ್ಲಿಗೆ, ಡೆನ್ಜಿಲ್ ಮಾಸ್ಟರ್ ಮನೆಗೆ. ದಂಡು ಪ್ರದೇಶದ ಡ್ಯಾನ್ಸ್ ಬ್ಯಾಂಡುಗಳಲ್ಲಿ ನಲವತ್ತು ವರ್ಷ ಬ್ಯಾಂಜೊ ನುಡಿಸಿದ್ದವರು. ಬ್ಯಾಂಜೊ ಅಂದರೆ ನಮ್ಮ ಮನೆಯಲ್ಲಿ ಎಲ್ಲರೂ ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ಅಂದುಕೊಂಡಿದ್ದರು. ಮಾಸ್ಟರದ್ದು ಚರ್ಮ ಬಿಗಿದ ದುಂಡು ಮುಖದ, ಉದ್ದ ಕತ್ತಿನ, ನಾಲ್ಕು ತಂತಿಯದು. ಬೆರಳಿನಿಂದಲ್ಲ, ಪ್ಲೆಕ್ಟ್ರಮ್ ಎಂಬ ಪುಟ್ಟ ಬಿಲ್ಲೆಯಿಂದ ಮೀಟಬೇಕು. ಕಲಿಯುವವರಿಗೆಂದು ಅವರಲ್ಲಿದ್ದದ್ದು ಒಂದೇ ಬ್ಯಾಂಜೊ. ಹಾಗಾಗಿ ಅಭ್ಯಾಸವೂ ಅವರ ವರಾಂಡದಲ್ಲೇ: ಸಂಜೆ ನಾಲ್ಕರಿಂದ ಐದು ನಿನ್ನದು, ಐದರಿಂದ ಆರು ನನ್ನದು. ಆ ಹೊತ್ತಿನಲ್ಲಿ ಅವರು ಪಿಯಾನೊ ಟ್ಯೂನ್ ಮಾಡಲು ಊರು ಸುತ್ತುತ್ತಿದ್ದರು. ಶನಿವಾರ ಮಾತ್ರ ಪಾಠ.

ಮೊದಲ ನಾಲ್ಕು ಶನಿವಾರ ಎಡಗೈಗೆ ಕೆಲಸವೇ ಇರಲಿಲ್ಲ, ನೆನಪಿದೆಯಾ? ತಂತಿಗಳ ಕೆಳಗೆ ಕರ್ಚೀಫು ತುರುಕಿ, ಬರೀ ಬಲಗೈ — ಕೆಳಗೆ, ಮೇಲೆ, ಕೆಳಗೆ, ಮೇಲೆ. "ಮಣಿಕಟ್ಟು ಸಡಿಲ ಬಿಡು ಮ್ಯಾನ್, ಮೀನು ಕೊಚ್ತಾ ಇದ್ದೀಯಾ?" ಎಂದು ನಿನ್ನನ್ನು ರೇಗಿಸುತ್ತಿದ್ದರು. ಒಂದೇ ಸ್ವರವನ್ನು ನಡುಗಿಸುತ್ತಾ ಎಳೆಯುವುದು ನನಗೆ ಮೂರು ವಾರದಲ್ಲಿ ಬಂತು. ನಿನಗೆ ಹನ್ನೊಂದು ವಾರ. ನನ್ನ ಕೈ ಚುರುಕು, ಆಗಲೂ, ಈಗಲೂ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ನಾನು ಮಾಡಿದ್ದು ಕೈಲಾಗದವಳ ತಪ್ಪಿನಂತೆ ಕಾಣುತ್ತದೆ.

ಜುಲೈ ಮೊದಲ ಶನಿವಾರ ಮಾಸ್ಟರ್ ಹೇಳಿದರು. ಅವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ದಣಿದಿದ್ದರು. "ಅಕ್ಟೋಬರಿಂದ ಒಬ್ರಿಗೇ ಕಲ್ಸೋದು. ಬ್ಯಾಂಜೊನೂ ಅವರಿಗೇ, ಮನೆಗೆ ತಗೊಂಡ್ಹೋಗ್ಲಿ. ಕೈ ಚುರುಕಿರೋರನ್ನ ತುಂಬಾ ನೋಡಿದ್ದೀನಿ ಮ್ಯಾನ್, ಎರಡು ವರ್ಷಕ್ಕೆ ಮಾಯ. ದಿನಾ ಕೂತ್ಕೊಳ್ಳೋರು ಬೇಕು ನಂಗೆ." ಇಬ್ಬರಿಗೂ ಒಂದೊಂದು ಹೊಸ ಪ್ಲೆಕ್ಟ್ರಮ್ ಕೊಟ್ಟು, ಹೆಸರು ಬರೆದ ಎರಡು ಬೆಂಕಿಪೆಟ್ಟಿಗೆಗಳಲ್ಲಿ ಹಾಕಿಸಿ ವರಾಂಡದಲ್ಲೇ ಇಡಿಸಿದರು. ಅದು ಅವರ ಹಳೆಯ ಪದ್ಧತಿ. ಯಾರು ಎಷ್ಟು ಕೂತರೆಂದು ಬಾಯಲ್ಲಿ ಕೇಳುತ್ತಿರಲಿಲ್ಲ. ಉಕ್ಕಿನ ತಂತಿಗೆ ಸವೆದ ತುದಿಯನ್ನು ಹೆಬ್ಬೆರಳಿನಿಂದ ಸವರಿ ತೀರ್ಮಾನಿಸುತ್ತಿದ್ದರು.

ಆ ದಿನಗಳಲ್ಲಿ ನನ್ನ ಡೈರಿಯಲ್ಲಿ ಎರಡು ಕಾಲಂ, ನಿನ್ನದೊಂದು, ನನ್ನದೊಂದು. ಶನಿವಾರ ಪಾಠ ಮುಗಿಸಿ ಗೇಟು ದಾಟುವಾಗ, ನಾನು ನಿನ್ನ ಲೆಕ್ಕದ ಗುಮಾಸ್ತೆಯೆಂಬಂತೆ, ನೀನೇ ಲೆಕ್ಕ ಒಪ್ಪಿಸುತ್ತಿದ್ದೆ. "ಬರ್ಕೊಳ್ಳೇ ಮುನ್ಶಿ, ಈ ವಾರ ಆರು! ನಿಂದೆಷ್ಟು?" ನನ್ನದು ಎರಡು, ಮೂರು. ಒಂದು ವಾರ ಒಂದೇ. ಕಾಲೇಜು, ಮಳೆ, ಸಿನಿಮಾ... ಒಂದು ಸಲ ಕೇಳಿದರೆ ಕೈಗೆ ಬಂದುಬಿಡುತ್ತದಲ್ಲ, ಮತ್ತೆ ಕೂರುವುದು ಯಾಕೆ ಎಂಬ — ಇರಲಿ, ವಾದ ಬೇಡ. ಹನ್ನೆರಡು ವಾರ, ಶನಿವಾರ ಬಿಟ್ಟು ಎಪ್ಪತ್ತೆರಡು ದಿನ. ನೀನು ತಪ್ಪಿಸಿದ್ದು ಒಂದೇ ದಿನ, ನಿನ್ನ ತಂಗಿಗೆ ಜ್ವರ ಬಂದಾಗ. ಕೊನೆಯ ಶುಕ್ರವಾರ ನಿನ್ನ ಆ ವಾರದ ಲೆಕ್ಕವನ್ನೂ ಕೇಳಿಕೊಂಡು ಕೂಡಿಸಿದೆ. ಫಿರ್ದೋಸ್, ಎಪ್ಪತ್ತೊಂದು. ಸುಮಾ, ಇಪ್ಪತ್ತೊಂಬತ್ತು.

ಆ ಬ್ಯಾಂಜೊ ನನಗೆ ಬೇಕಿತ್ತು. ಅಷ್ಟೇ.

ಮರುದಿನ ನೀನು ನಾಲ್ಕಕ್ಕೆ ಸರಿಯಾಗಿ ಬಂದೆ. ಮಾಸ್ಟರ್ ಮೊದಲು ನಿನ್ನ ಪೆಟ್ಟಿಗೆ ತೆರೆದು ಹೆಬ್ಬೆರಳು ಆಡಿಸಿದರು. "ಹೊಸದರ ಥರ ಇದೆಯಲ್ಲ ಮ್ಯಾನ್ ಇದು." ಆಮೇಲೆ ನನ್ನ ಪೆಟ್ಟಿಗೆ. ಹೆಬ್ಬೆರಳು ಅಲ್ಲೇ ನಿಂತಿತು. "ಹಾಂ. ಇದು ಕೂತಿರೋ ಕೈ."

"ಇಲ್ಲ ಮಾಸ್ಟರ್, ನಾನು ದಿನಾ ಬಂದಿದ್ದೀನಿ," ಎಂದೆ ನೀನು. ನನ್ನ ಕಡೆ ತಿರುಗಿದೆ. ನಿನ್ನ ಮುಖದಲ್ಲಿ ಗಾಬರಿಯಿರಲಿಲ್ಲ, ನಗುವೇ ಇತ್ತು — ಸಾಕ್ಷಿ ಪಕ್ಕದಲ್ಲೇ ಕೂತಿದೆಯಲ್ಲ ಎಂಬ ಧೈರ್ಯ. "ಲೇ ಮುನ್ಶಿ, ತೆಗಿಯೇ ಡೈರಿ. ಓದಿ ಹೇಳು ಇವ್ರಿಗೆ."

ಡೈರಿ ನನ್ನ ತೊಡೆಯ ಮೇಲಿನ ಚೀಲದಲ್ಲಿತ್ತು.

"ನಾನು ನನ್ನದು ಮಾತ್ರ ಬರ್ಕೊಳ್ಳೋದು," ಅಂದೆ.

ಬಿಲ್ಲೆ ಬದಲಿಸಿದ್ದು ಕಳ್ಳತನ. ಈ ಮಾತು — ಇದಕ್ಕೊಂದು ಹೆಸರು ಏಳು ವರ್ಷದಿಂದ ನನಗೆ ಸಿಕ್ಕಿಲ್ಲ. ನಿನ್ನ ನಗು ಒಂದು ಗಳಿಗೆ ಹಾಗೇ ಉಳಿದು, ಆಮೇಲೆ ಇಳಿಯಿತು. ನಿನಗೆ ಎಲ್ಲ ಗೊತ್ತಾಯಿತು. ಗೊತ್ತಾದದ್ದು ನನಗೂ ಗೊತ್ತಾಯಿತು. ನೀನು ಚೀಲ ಕಿತ್ತುಕೊಳ್ಳಬಹುದಿತ್ತು. ಬದಲಿಗೆ ದುಪಟ್ಟಾ ಸರಿಮಾಡಿಕೊಂಡು ಎದ್ದೆ ನೀನು. "ಬರ್ತೀನಿ ಮಾಸ್ಟರ್." ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನನಗೆ ಹೇಳಿದೆ, "ಚೆನ್ನಾಗಿ ಬಾರ್ಸು ಮುನ್ಶಿ. ದಿನಾ ಬಾರ್ಸು."

ದಿನಾ ಬಾರಿಸಿದೆ. ಏಳು ವರ್ಷದಲ್ಲಿ ತಪ್ಪಿದ್ದು ಒಂಬತ್ತು ದಿನ. ಮಾಸ್ಟರಿಗೆ ಬೇಕಾಗಿದ್ದ ಶಿಷ್ಯೆ ಆದೆ — ನಿನ್ನ ಕುರ್ಚಿಯಲ್ಲಿ ಕೂತು. ಇದು ಪ್ರಾಯಶ್ಚಿತ್ತ ಎಂದು ಹೇಳುತ್ತಿಲ್ಲ. ನನಗೆ ಅದರಿಂದ ಸುಖವೇ ಸಿಕ್ಕಿತು, ಮತ್ತು ಆ ಸುಖವೆಲ್ಲ...

ರಸೆಲ್ ಮಾರುಕಟ್ಟೆಯಲ್ಲಿ, ನಿಮ್ಮ ಅಬ್ಬಾ ಅವರ ಹಣ್ಣಿನ ಅಂಗಡಿಯಲ್ಲಿ, ನಿನ್ನನ್ನು ಮೂರು ಸಲ ನೋಡಿದ್ದೇನೆ. ಮೂರು ಸಲವೂ ಹೂವಿನ ಸಾಲಿನ ಕಡೆ ತಿರುಗಿಬಿಟ್ಟೆ. ಮೂರನೆಯದು ಹೋದ ತಿಂಗಳು. ಗಿರಾಕಿಗಳಿರಲಿಲ್ಲ. ಎಲ್ಲೋ ರೇಡಿಯೊ ಹಾಡುತ್ತಿತ್ತು. ನೀನು ಬೇರೆಲ್ಲೋ ನೋಡುತ್ತಿದ್ದೆ, ನಿನ್ನ ಬಲಗೈ ಮಾತ್ರ ಹಲಗೆಯ ಅಂಚಿನ ಮೇಲೆ ತಾನಾಗಿ ಆಡುತ್ತಿತ್ತು — ಕೆಳಗೆ, ಮೇಲೆ, ಕೆಳಗೆ, ಮೇಲೆ. ಮಣಿಕಟ್ಟು ಎಷ್ಟು ಸಡಿಲವಾಗಿತ್ತು ಗೊತ್ತಾ.

ಮೊನ್ನೆ ಶನಿವಾರ ಮಾಸ್ಟರ್ ಮುಂದೆ ಎಲ್ಲ ಹೇಳಿದೆ. ಅವರಿಗೀಗ ಕಣ್ಣು ಪೂರ್ತಿ ಮಂಜು. ಆ ಪ್ಲೆಕ್ಟ್ರಮ್ ಕೈಗೆ ಕೊಟ್ಟೆ. ಬಹಳ ಹೊತ್ತು ಸವರುತ್ತಾ ಕೂತರು. "ನನ್ನ ಹೆಬ್ಬೆರಳು ತಪ್ಪು ಹೇಳಿರ್ಲಿಲ್ಲ," ಎಂದರು. ಆಮೇಲೆ, "ಆ ಮಗೂನ ಬರಿಗೈಲಿ ಕಳ್ಸಿದೆ ನಾನು. ಆಟೊ ಮಾಡ್ಕೊಂಡು ಬಾ. ನಾನೂ ಬರ್ತೀನಿ."

ಈ ಭಾನುವಾರ ನಾಲ್ಕು ಗಂಟೆಗೆ — ಅದು ನಿನ್ನ ಹೊತ್ತು — ನಾವಿಬ್ಬರೂ ನಿನ್ನ ಅಂಗಡಿಗೆ ಬರುತ್ತೇವೆ. ಬ್ಯಾಂಜೊ ತರುತ್ತೇನೆ. ಅದು ನಿನ್ನದು, ನೀನು ನುಡಿಸಿದರೂ, ಮೂಲೆಗೆ ಇಟ್ಟರೂ, ನಾನು ವಾಪಸ್ ಒಯ್ಯುವುದಿಲ್ಲ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನಿನ್ನಿಂದ ಮತ್ತೊಂದನ್ನು ಪಡೆಯಲು ಬಂದಂತಾಗುತ್ತದೆ. ಅವತ್ತು ನೀನು ನನಗೆ ಹೇಳಿದ ಒಂದು ಕೆಲಸ ಬಾಕಿ ಇದೆ. ಅದನ್ನು ಮುಗಿಸುತ್ತೇನೆ. ಚೀಲದಿಂದ ಡೈರಿ ತೆಗೆದು, ಆ ಪುಟ ಬಿಡಿಸಿ, ಮಾಸ್ಟರಿಗೆ ಕೇಳುವಂತೆ, ಮಾರುಕಟ್ಟೆಯ ಗದ್ದಲದಲ್ಲೂ ಕೇಳುವಂತೆ ಓದುತ್ತೇನೆ:

ಫಿರ್ದೋಸ್, ಎಪ್ಪತ್ತೊಂದು.