ನಾಯಿಗಿ ಬರದ ಔಷಧ

ಎಮರ್ಜೆನ್ಸಿ ಮುಗಿದ ಹೊಸದರಾಗ ನಾ ಇಳಕಲ್ಲಿನ ದನದ ದವಾಖಾನ್ಯಾಗ ಕಂಪೌಂಡರ್ ಇದ್ದೆ. ಒಬ್ಬ ಸೀರಿ ವ್ಯಾಪಾರಿ ತನ್ನ ಅಲ್ಸೇಷಿಯನ್ ನಾಯಿ ಹಿಡಕೊಂಡು ಬಂದ. ರೊಟ್ಟಿ, ಪುಂಡಿಪಲ್ಲೆ ತಿಂದು ತಿಂದು ಅದರ ಎಲುಬು ಎಣಸೂ ಹಂಗಾಗಿದ್ದವು.

"ಹಸಿ ಮಾಂಸ ಹಾಕ್ರಿ," ಅಂದೆ.

"ಶಿವ ಶಿವಾ! ಲಿಂಗಪೂಜಿ ಮಾಡೂ ಮನಿರಿ ನಮ್ದು. ನಮ್ಮವ್ವ ಮನಿ ಬಿಟ್ಟ ಹೋಗ್ತಾಳ." ಅಂದಾವ ಬಾಗಲದಿಂದ ತಿರುಗಿ ಬಂದ. "ಔಷಧ ಅಂತ ಚೀಟಿ ಬರದು ಕೊಡ್ರಿ."

ಬರದು ಕೊಟ್ಟೆ. ಅವ ದಿನಾ ಹಿತ್ತಲದಾಗ ಮಾಂಸದ ಪೊಟ್ಟಣ ಬಿಚ್ಚಿ ತಾನ ತಿನಸಿದ. ತಿಂಗಳದಾಗ ನಾಯಿ ಹುಲಿ ಆತು. ನೋಡಾಕ ಹೋದ್ರ, ಹಣಿ ತುಂಬ ವಿಭೂತಿ ಹಚಗೊಂಡ ಅವರವ್ವ ನನ್ನ ಕೈ ಹಿಡದಳು.

"ತಮ್ಮಾ, ಆ ನಾಯಿ ಔಷಧ ನನಗೂ ಒಂದೀಟು ಕೊಡೋ. ಮೊಣಕಾಲು ಭಾಳ ನೋಯ್ತಾವ."

ಮಗನ ಮಾರಿ ಬಿಳಿಚಿತು. ನಾ ಅಂದೆ, "ಯವ್ವಾ, ಅದು ನಾಕು ಕಾಲಿದ್ದವರಿಗಷ್ಟ ಹತ್ತತೈತಿ."

ಮುದುಕಿ ಊರುಗೋಲು ಎತ್ತಿ ತೋರಿಸಿದಳು. "ನನಗ ಮೂರು ಅದಾವಲ್ಲೋ. ಒಂದು ಕಡಿಮಿ ಬಿದ್ರ ಏನಾತು?"