ಟಿಕೆಟ್ ಆರಿಸಿಕೊಡುತ್ತಿದ್ದ ಭಾನು ಆಂಟಿ

ಕ್ರೈಸ್ಟ್‌ಚರ್ಚಿಗೆ ಬಂದ ಕನ್ನಡದವರಿಗೆಲ್ಲ ಊರು ಸುತ್ತಿಸಿ ತೋರಿಸುವ ಹಳೇ ಟ್ರಾಮಿನ ಟಿಕೆಟ್ ಆರಿಸಿಕೊಡುವುದು ಭಾನು ಆಂಟಿಯ ಕೆಲಸವಾಗಿತ್ತು. ಯಾರೂ ವಹಿಸಿಕೊಟ್ಟ ಕೆಲಸವಲ್ಲ, ಅವರೇ ಮೈಮೇಲೆ ಎಳೆದುಕೊಂಡದ್ದು. ಬೆಳಗ್ಗೆ ಕಾವಲಿಯ ಮೇಲೆ ದೋಸೆ ಹುಯ್ಯುತ್ತಲೇ ವಿಚಾರಣೆ ಶುರುವಾಗುತ್ತಿತ್ತು. "ಮಂಡಿ ನೋವು ಇದೆಯಾ? ಮಕ್ಕಳಿಗೆ ಎಷ್ಟು ವರ್ಷ? ನಾಳೆ ಎಷ್ಟೊತ್ತಿಗೆ ಕ್ವೀನ್ಸ್‌ಟೌನ್ ಬಸ್ಸು?" ಎಲ್ಲ ಕೇಳಿಸಿಕೊಂಡು, ದೋಸೆ ಮಗುಚಿ ಹಾಕಿ, ತೀರ್ಪು ಕೊಡುವರು. ಮಂಡಿ ನೋವಿನವರಿಗೆ ಒಂದೇ ಸುತ್ತಿನ ಟಿಕೆಟ್, ನಡುವೆ ಇಳಿಯುವ ಹತ್ತುವ ತಾಪತ್ರಯ ಬೇಡ. ಕಾಲು ಗಟ್ಟಿ ಇದ್ದವರಿಗೆ ಎರಡು ದಿನದ್ದು, ಬೇಕಾದಲ್ಲಿ ಇಳಿದು ನೋಡಿಕೊಂಡು ಮುಂದಿನ ಟ್ರಾಮು ಹತ್ತಬಹುದು. ಚಿಕ್ಕ ಮಕ್ಕಳಿದ್ದರೆ ಫ್ಯಾಮಿಲಿ ಟಿಕೆಟ್. ಬೆಟ್ಟ ಹತ್ತಿಸುವ ತೂಗುಡಬ್ಬಿ ಗೊಂಡೋಲಾ ಸೇರಿಸಿ ಕೊಡುವ ಟಿಕೆಟ್ಟನ್ನಂತೂ ಬೆಟ್ಟದ ಮೇಲೆ ಮೋಡ ಇದೆಯೋ ಇಲ್ಲವೋ ಎಂದು ಅಡುಗೆಮನೆಯ ಕಿಟಕಿಯಿಂದ ಇಣುಕಿ ನೋಡಿಯೇ ನಿರ್ಧರಿಸುತ್ತಿದ್ದರು.

ಅವರು ಮೈಸೂರಿನವರು. ಗಂಡ ರಘುನಾಥ್ ಅಂಕಲ್ ಇಂಜಿನಿಯರು, ತೊಂಬತ್ತಾರರಲ್ಲಿ ಬಂದು ಏವನ್‌ಹೆಡ್ ಬಡಾವಣೆಯಲ್ಲಿ ಮನೆ ಮಾಡಿದ್ದರು. ಮಕ್ಕಳಿರಲಿಲ್ಲ. ಮನೆಯಲ್ಲೊಂದು ಹೆಚ್ಚಿನ ಕೋಣೆ ಇತ್ತು, ಅದು ಖಾಲಿ ಇದ್ದದ್ದು ನನಗೆ ನೆನಪಿಲ್ಲ. ಯಾರದೋ ಅಕ್ಕನ ಮಗ, ಯಾರದೋ ಬೀಗರು, ಫೋನ್ ನಂಬರ್ ಹಿಡಿದುಕೊಂಡು ಬಂದ ಯಾರೋ ಒಬ್ಬರು. ೨೦೦೩ರಲ್ಲಿ ತುಮಕೂರಿನಿಂದ ಓದಲು ಬಂದ ನಾನೂ ಆ ಕೋಣೆಯಲ್ಲೇ ಮೂರು ತಿಂಗಳು ಬಿದ್ದುಕೊಂಡಿದ್ದೆ. ಫ್ಲಾಟ್ ಸಿಕ್ಕಿದ ಮೇಲೂ ಭಾನುವಾರ ಊಟಕ್ಕೆ ಅಲ್ಲಿಗೇ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಇಡೀ ಊರಿಗೆ ಗೊತ್ತು, ಆಂಟಿಯ ಜೊತೆಗೂ ಎಷ್ಟೋ ಸಲ ಜಗಳವಾಡಿದ್ದೇನೆ. ಅವರು ನಕ್ಕು, "ಸರಿ ತಾಯಿ, ತಿನ್ನು ಮೊದಲು" ಎಂದು ತಟ್ಟೆಗೆ ಇನ್ನೊಂದು ಸೌಟು ಹುಳಿ ಹಾಕುತ್ತಿದ್ದರು.

ನೆಂಟರನ್ನು ಕೆಥೀಡ್ರಲ್ ಸ್ಕ್ವೇರಿಗೆ ಕರೆದುಕೊಂಡು ಹೋಗಿ, ಕೌಂಟರಿನ ಮುಂದೆ ನಿಲ್ಲಿಸಿ, ಸರಿಯಾದ ಟಿಕೆಟ್ ಕೊಡಿಸಿ, ಹತ್ತಿಸುವುದು ಅವರೇ. ತಾವು ಮಾತ್ರ ಬೆಂಚಿನ ಮೇಲೆ ಕೂತು ಎಲ್ಲರ ಬ್ಯಾಗು, ಜಾಕೆಟ್ಟು, ಪುಳಿಯೋಗರೆ ಡಬ್ಬಿ ಕಾಯುತ್ತಿದ್ದರು. "ನೀವು ಬರಲ್ವಾ?" ಎಂದು ಕೇಳಿದರೆ, "ನಂದು ಎಷ್ಟೋ ಸಲ ಆಗಿದೆ, ನೀವು ಆರಾಮಾಗಿ ಹೋಗಿ ಬನ್ನಿ" ಎನ್ನುವರು. ನಮ್ಮವರ ಪದ್ಧತಿಯೇ ಹೀಗೆ, ಮನೆಯಾಕೆ ಎಲ್ಲರಿಗೂ ಬಡಿಸಿ ತನ್ನದು ಆಗಿದೆ ಎನ್ನುತ್ತಾಳೆ, ನಾವೂ ನಂಬಿ ಕೈತೊಳೆಯುತ್ತೇವೆ. ೨೦೦೫ರಲ್ಲಿ ನನ್ನ ಕಾನ್ವೊಕೇಶನ್ನಿಗೆ ಅಪ್ಪ ಅಮ್ಮ ಬಂದಾಗ ನಾನೂ ಅವರ ಮಡಿಲಿಗೆ ಅಮ್ಮನ ಕೈಚೀಲ ಹಾಕಿ ಟ್ರಾಮು ಹತ್ತಿದವಳೇ. ಇಪ್ಪತ್ತೆರಡು ವರ್ಷದ ಕತ್ತೆ, ಒಂದು ಸಲ ತಿರುಗಿಯೂ ನೋಡಲಿಲ್ಲ.

ಮುಂದೆ ಕೆಲಸ ಸಿಕ್ಕಿ ನಾನು ಆಕ್ಲೆಂಡಿಗೆ ಹೋದೆ. ೨೦೦೮ರ ಕೊನೆಯಲ್ಲಿ ಅಂಕಲ್ ಫೋನು ಮಾಡಿ, ಆಂಟಿಗೆ ಕ್ಯಾನ್ಸರ್ ಎಂದರು. ಹೊಟ್ಟೆಯಲ್ಲಂತೆ, ತಡವಾಗಿ ಗೊತ್ತಾಯಿತಂತೆ. ಮರುವರ್ಷ ಮಾರ್ಚಿನಲ್ಲಿ ನಾಲ್ಕು ದಿನ ರಜೆ ಹಾಕಿ ನೋಡಲು ಹೋದೆ. ಸೋಫಾದ ಮೂಲೆಯಲ್ಲಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಒಂದು ಹಿಡಿಯಷ್ಟಾಗಿ ಕೂತಿದ್ದರು. ಎರಡು ದಿನ ಅದೂ ಇದೂ ಮಾತಾಡಿದೆವು. ಮೂರನೆಯ ದಿನ, ಅಂಕಲ್ ಆಫೀಸಿಗೆ ಹೋದ ಮೇಲೆ, ನಾನು ಗಂಜಿ ಕುಡಿಸುತ್ತಿದ್ದಾಗ ಕೇಳಿದರು:

"ರಚನಾ, ಟ್ರಾಮಿನ ಒಳಗೆ ಸೀಟು ಮರದ್ದಾ, ಚರ್ಮದ್ದಾ?"

ನಾನು ಚಮಚ ಕೆಳಗಿಟ್ಟೆ. "ಯಾಕಾಂಟಿ, ನಿಮಗೆ ಗೊತ್ತಿಲ್ವಾ?"

"ಒಬ್ಬೊಬ್ಬರು ಒಂದೊಂದು ಹೇಳ್ತಾರೆ" ಎಂದರು. ಆಮೇಲೆ ಮೆಲ್ಲಗೆ, "ನಾನು ಹತ್ತಿಲ್ಲ ಕಣೆ" ಎಂದರು.

ಹದಿಮೂರು ವರ್ಷ. ಇನ್ನೂರು ಜನರನ್ನಾದರೂ ಹತ್ತಿಸಿರಬೇಕು. ನನಗೆ ಮೈಯೆಲ್ಲ ಉರಿದುಹೋಯಿತು, ಅವರ ಮೇಲೋ, ನನ್ನ ಮೇಲೋ, ಆ ಇನ್ನೂರು ಜನರ ಮೇಲೋ ಗೊತ್ತಿಲ್ಲ. ಯಾಕೆ ಹತ್ತಲಿಲ್ಲ ಎಂದು ಗದರಿಯೇ ಕೇಳಿದೆ.

"ಮೊದಮೊದಲು ಬ್ಯಾಗು ನೋಡ್ಕೊಳೋರು ಬೇಕಿತ್ತು. ಆಮೇಲೆ ಆಗಿದೆ ಅಂತ ಹೇಳಿಬಿಟ್ಟಿದ್ನಲ್ಲ, ಆಗಿಲ್ಲ ಅನ್ನೋಕೆ ನಾಚಿಕೆ ಆಯ್ತು. ಒಬ್ಬಳೇ ಹೋಗಿ ಕೂರೋದಂತೂ ಹೇಗೆ ಹೇಳು, ಊರವಳು ಟೂರಿಸ್ಟ್ ಥರ. ಇವರಿಗೂ ಗೊತ್ತಿಲ್ಲ. ಹೇಳಬೇಡ, ಬೇಜಾರು ಮಾಡ್ಕೋತಾರೆ." ಸ್ಕಾರ್ಫ್ ಸರಿಮಾಡಿಕೊಂಡು ಹೇಳಿದರು: "ಒಂದು ಸಲ ಕೂತ್ಕೋಬೇಕು ಅಂತ ತುಂಬಾ ಆಸೆ ಇದೆ ಕಣೆ. ಚಿಕ್ಕ ಮಕ್ಕಳ ಥರ."

ಮಾರನೇ ದಿನ ಶುಕ್ರವಾರ, ಸಂಜೆ ಐದೂಕಾಲಿಗೆ ನನ್ನ ವಿಮಾನ. ಅಷ್ಟರೊಳಗೆ ಬೇಕಾದಷ್ಟು ಹೊತ್ತಿತ್ತು. ಆಂಟಿಯನ್ನು ಟ್ರಾಮಿನಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುತ್ತೇನೆ ಎಂದಾಗ ಅಂಕಲ್, "ಅವಳಿಗೆ ಅದೇನು ಹೊಸದೇ? ಆದರೂ ಹೋಗಿಬನ್ನಿ, ಗಾಳಿ ಸೋಕಿದ ಹಾಗಾಗುತ್ತೆ" ಎಂದು ಕಾರಿನ ಕೀಲಿ ಕೊಟ್ಟು ತಾವು ಬಸ್ಸಿನಲ್ಲಿ ಆಫೀಸಿಗೆ ಹೋದರು. ಆಂಟಿ ಹಸಿರು ರೇಷ್ಮೆ ಸೀರೆ ಉಟ್ಟರು. ಅದು ಸೊಂಟದಲ್ಲಿ ನಿಲ್ಲದೆ ನಾನು ನಾಲ್ಕು ಪಿನ್ನು ಹಾಕಬೇಕಾಯಿತು. ಮೇಲೆ ಅಂಕಲ್ಲರ ದಪ್ಪ ಸ್ವೆಟರು.

ಸ್ಕ್ವೇರ್ ತಲುಪಿದಾಗ ಒಂದು ಗಂಟೆ, ಒಳ್ಳೆಯ ಬಿಸಿಲು. ಕೌಂಟರಿನ ಮುಂದೆ ಆಂಟಿ ದರಪಟ್ಟಿ ಓದುತ್ತ ನಿಂತರು. ಅಷ್ಟು ಜನರಿಗೆ ಕಣ್ಣು ಮುಚ್ಚಿಕೊಂಡು ಟಿಕೆಟ್ ಆರಿಸಿದವರಿಗೆ ತಮಗೆ ಯಾವುದು ಎಂದು ಹೇಳಲು ಬಾಯಿ ಬರಲಿಲ್ಲ. "ಒಂದು ಸುತ್ತಿಂದು ಸಾಕಲ್ವಾ?" ಎಂದರು. ನನಗೆ ಹಟ ಬಂತು. ಎರಡು ದಿನದ್ದೇ ಎರಡು ತೆಗೆದುಕೊಂಡು ಒಂದನ್ನು ಅವರ ಕೈಯಲ್ಲಿಟ್ಟೆ. ಅವರು ಅದರ ಎರಡೂ ಮಗ್ಗುಲು ಓದಿ, ಚೆನ್ನಾಗಿದೆ ಎನ್ನುವ ಹಾಗೆ ತಲೆಯಾಡಿಸಿದರು.

ಆಗಲೇ ಬೆನ್ನ ಹಿಂದೆ ಕನ್ನಡ ಕೇಳಿಸಿತು.

"ಯಾವ ಟಿಕೇಟ ತಗೋಬೇಕಂತ ತಿಳೀವಲ್ದು ನೋಡ. ಆಕಿ ಏನೋ ನಾಕು ಥರ ಹೇಳಾಕತ್ತಾಳ."

ಧಾರವಾಡದ ಕಡೆಯ ಹಿರಿಯರೊಬ್ಬರು, ಅವರ ಹೆಂಡತಿ, ಐದಾರು ವರ್ಷದ ಮೊಮ್ಮಗಳು. ಹೋಟೆಲಿನ ಕೋಣೆ ಬಿಟ್ಟು ಬಂದಿದ್ದರು, ಮಗ ಯಾವುದೋ ಮೀಟಿಂಗಿನಲ್ಲಿದ್ದನಂತೆ, ಸಂಜೆ ಬಂದು ಕರೆದೊಯ್ಯುವವನಿದ್ದನಂತೆ. ಜೊತೆಗೆ ಮೂರು ಸೂಟ್‌ಕೇಸು. ಕೌಂಟರಿನ ಹುಡುಗಿ ಅಷ್ಟು ದೊಡ್ಡ ಸಾಮಾನು ಹತ್ತಿಸುವ ಹಾಗಿಲ್ಲ ಎನ್ನುತ್ತಿದ್ದಳು. ನಾನು ಆಂಟಿಯ ಮೊಣಕೈ ಹಿಡಿದು ಎಳೆದೆ. ಎಳೆದರೆ ಬರುವ ಪೈಕಿಯಲ್ಲ ಅವರು.

"ನಮಸ್ಕಾರ. ಮಂಡಿ ನೋವು ಏನಾದ್ರೂ ಇದೆಯಾ ನಿಮಗೆ?"

ಆ ಹಿರಿಯರ ಮುಖ ಅರಳಿತು. "ಕನ್ನಡದವರೇನ್ರೀ? ನಾನು ವೀರಭದ್ರಪ್ಪ ಅಂತ್ರೀ. ಮಂಡಿ ಗಟ್ಟಿ ಅದಾವ್ರೀ, ಇಬ್ಬರದೂ."

"ಹಾಗಾದ್ರೆ ಎರಡು ದಿನದ ಫ್ಯಾಮಿಲಿ ಟಿಕೆಟ್ ತಗೊಳ್ಳಿ. ಮ್ಯೂಸಿಯಂ ಹತ್ರ ಇಳಿದು ಮಗೂಗೆ ಹಕ್ಕಿಗಳನ್ನ ತೋರಿಸಿ, ಚೆನ್ನಾಗಿದೆ. ಬ್ಯಾಗು ಇಲ್ಲೇ ಇಡಿ. ನಾನು ನೋಡ್ಕೋತೀನಿ."

"ನಾನು ನೋಡ್ಕೋತೀನಿ, ನೀವು ಹತ್ತಿ" ಎಂದೆ ನಾನು. ಆದರೆ ಆಂಟಿಗೆ ಮೆಟ್ಟಿಲು ಹತ್ತಲು ನನ್ನ ಭುಜ ಬೇಕು, ಅದು ನನಗೂ ಗೊತ್ತಿತ್ತು. ಅವರು ಆಗಲೇ ಬೆಂಚಿನ ಮೇಲೆ ಕೂತು ಸೂಟ್‌ಕೇಸುಗಳನ್ನು ಕಾಲ ಬಳಿ ಸಾಲಾಗಿ ಇಡಿಸಿಕೊಳ್ಳುತ್ತಿದ್ದರು. "ಅವರು ಬಂದಮೇಲೆ ನಾವು ಹೋಗೋಣ, ಟ್ರಾಮು ಎಲ್ಲಿಗೆ ಓಡಿಹೋಗುತ್ತೆ?" ಎಂದರು. ಅವರಿಗೆ ಒಂದು ಸುತ್ತಿನ ಟಿಕೆಟ್ ಕೊಡಿಸಬಾರದಿತ್ತೇ ಎಂದು ನಾನು ಗೊಣಗಿದೆ. "ಗಟ್ಟಿ ಮಂಡಿ ಇರೋರಿಗೆ ಅದು ಲಾಸು ಕಣೆ" ಎಂದರು, ಗಂಭೀರವಾಗಿ.

ಎರಡು ಗಂಟೆಯಾಯಿತು, ಎರಡೂವರೆಯಾಯಿತು. ಆ ಟಿಕೆಟ್ ಇದ್ದವರು ಇಳಿಯುತ್ತಾರೆ, ನೋಡುತ್ತಾರೆ, ಅವರದೇನು ತಪ್ಪು? ಅವರ ಫೋನ್ ನಂಬರೂ ನಮ್ಮಲ್ಲಿರಲಿಲ್ಲ. ಒಂದೊಂದು ಟ್ರಾಮು ಬಂದಾಗಲೂ ಆಂಟಿ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಮೂರರ ಹೊತ್ತಿಗೆ ದಕ್ಷಿಣದ ಗಾಳಿ ಎದ್ದಿತು. ಆ ಊರಿನಲ್ಲಿ ಅದು ಎದ್ದರೆ ಹತ್ತು ನಿಮಿಷದಲ್ಲಿ ಬೇಸಿಗೆ ಹೋಗಿ ಚಳಿ ಬರುತ್ತದೆ. ನನ್ನ ಜಾಕೆಟ್ಟನ್ನೂ ಅವರಿಗೆ ಹೊದಿಸಿದೆ. ತುಟಿ ನೀಲಿಯಾಗಿತ್ತು. ಮನೆಗೆ ಹೋಗೋಣ ಎಂದರೆ, "ಬೇರೆಯವರ ಸಾಮಾನು ಬಿಟ್ಟು ಹೇಗೆ ಹೋಗೋದು?" ಎಂದರು.

ವೀರಭದ್ರಪ್ಪನವರು ಬಂದಾಗ ಮೂರೂವರೆ. "ಭಾರೀ ಛಲೋ ಟಿಕೇಟ ಕೊಡಿಸಿದ್ರಿ ತಂಗಿ" ಎಂದು ಕೈಮುಗಿದರು. ಮೊಮ್ಮಗಳು ಆಂಟಿಗೆ ಹಕ್ಕಿಯ ಚಿತ್ರವಿದ್ದ ಕಾರ್ಡು ತೋರಿಸಿದಳು. ನಾನು ಮುಖ ಗಂಟಿಕ್ಕಿಕೊಂಡು ನಿಂತಿದ್ದೆ. ಅವರು ಇಳಿದ ಟ್ರಾಮು ಅಲ್ಲೇ ಬಾಗಿಲು ತೆರೆದುಕೊಂಡು ನಿಂತಿತ್ತು, ಒಳಗೆ ಅರ್ಧ ಖಾಲಿ.

ಆಂಟಿ ಟ್ರಾಮಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ. "ಇಪ್ಪತ್ತೈದೇ ನಿಮಿಷ ಅಲ್ವಾ?"

ನಾನು ಗಡಿಯಾರ ನೋಡಿಕೊಂಡೆ. ಈ ದೇಶಕ್ಕೆ ಬಂದು ಆರು ವರ್ಷವಾದರೂ ನಾನು ವಿಮಾನ ತಪ್ಪಿಸಿಕೊಂಡವಳಲ್ಲ, ಸೋಮವಾರ ಬೆಳಗ್ಗೆ ಆಫೀಸಿನಲ್ಲಿ ಏನೋ ಒಂದು ಪ್ರೆಸೆಂಟೇಶನ್ ಇತ್ತು, ಅದು ಏನೆಂದು ಈಗ ನೆನಪೂ ಇಲ್ಲ. ಆಂಟಿ ನಡುಗುತ್ತಿದ್ದದ್ದೂ ನಿಜ. ಆದರೆ ಆಗ ನನ್ನ ತಲೆಯಲ್ಲಿದ್ದದ್ದು ವಿಮಾನ, ಅದನ್ನು ಯಾಕೆ ಮುಚ್ಚಿಡಲಿ.

"ಬೇಡ ಆಂಟಿ, ಲೇಟಾಗುತ್ತೆ. ಟಿಕೆಟ್ ನಾಳೆಗೂ ಇದೆಯಲ್ಲ, ಅಂಕಲ್ ಕರ್ಕೊಂಡು ಬರ್ತಾರೆ" ಎಂದೆ.

"ಹೌದೌದು, ಫ್ಲೈಟ್ ತಪ್ಪಬಾರದು" ಎಂದು ಅವರು ಎದ್ದರು.

ಅವರನ್ನು ಮನೆಗೆ ಬಿಟ್ಟು, ಹೊದಿಸಿ ಮಲಗಿಸಿ, ಟ್ಯಾಕ್ಸಿಯಲ್ಲಿ ಓಡಿದೆ. ವಿಮಾನ ಒಂದು ಗಂಟೆ ತಡವಾಗಿತ್ತು. ಗಾಳಿಯಂತೆ. ಆ ಒಂದು ಗಂಟೆ ಗೇಟಿನ ಮುಂದಿನ ಕುರ್ಚಿಯಲ್ಲಿ ಕೂತು ನನ್ನನ್ನು ನಾನೇ ಬೈದುಕೊಂಡೆ, ನಾಳೆ ಹೇಗೂ ಹೋಗುತ್ತಾರೆ ಎಂದು ಸಮಾಧಾನವನ್ನೂ ಮಾಡಿಕೊಂಡೆ. ಮರುದಿನ ಆಂಟಿಗೆ ಜ್ವರ ಬಂತು. ಭಾನುವಾರ ಆಸ್ಪತ್ರೆಗೆ ಸೇರಿಸಿದರು. ಮೈಯಲ್ಲಿ ತಡೆದುಕೊಳ್ಳುವ ಶಕ್ತಿ ಇರಲಿಲ್ಲ, ಎದೆಗೆ ಇಳಿಯಿತು. ಮುಂದಿನ ಶನಿವಾರ ಹೋಗಿಬಿಟ್ಟರು.

ದಹನ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲೆ ಅಡುಗೆಮನೆಯಲ್ಲಿ ನಾನು, ಅಂಕಲ್ ಇಬ್ಬರೇ ಉಳಿದೆವು. ಅವರ ಕಾಲು ಹಿಡಿದು ಎಲ್ಲ ಹೇಳಿಬಿಡಬೇಕು ಎಂದು ವಿಮಾನದುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆಗೆಯುವಷ್ಟರಲ್ಲಿ ಅವರೇ ಶುರುಮಾಡಿದರು.

"ನೀನು ಅವತ್ತು ಅವಳನ್ನ ಟ್ರಾಮಿನಲ್ಲಿ ಕೂರಿಸಿದೆಯಲ್ಲ ರಚನಾ, ಒಳ್ಳೇ ಕೆಲಸ ಮಾಡಿದೆ. ಜ್ವರದಲ್ಲೂ ಅದೇ ಮಾತು. ಕಿಟಕಿ ಪಕ್ಕ ಸೀಟು ಸಿಕ್ಕಿತಂತೆ. ಕಂಡಕ್ಟರು ಯಾವೂರು ಅಂತ ಕೇಳಿದನಂತೆ, ಇವಳು ಮೈಸೂರು ಅಂದಳಂತೆ. ನ್ಯೂ ರೀಜೆಂಟ್ ಸ್ಟ್ರೀಟಿನಲ್ಲಿ ಕೈ ಚಾಚಿದ್ರೆ ಅಂಗಡಿ ಗೋಡೆ ಸಿಗೋ ಹಾಗಿತ್ತಂತೆ. ನೀನು ಭುಜ ಹಿಡ್ಕೊಂಡೇ ಕೂತಿದ್ದೆಯಂತೆ, ಇಳಿಯೋವರೆಗೂ."

ನನ್ನ ಮೇಲೆ ಮಾತು ಬರದಿರಲಿ ಎಂದು, ಅಷ್ಟು ಜ್ವರದಲ್ಲಿ ಮಲಗಿಕೊಂಡು, ಇನ್ನೂರು ಜನ ತಮಗೆ ಹೇಳಿದ್ದನ್ನೆಲ್ಲ ಕೂಡಿಸಿ ಆಂಟಿ ನನ್ನ ಹೆಸರಿಗೊಂದು ಒಳ್ಳೆಯ ಕೆಲಸ ಮಾಡಿಟ್ಟು ಹೋಗಿದ್ದರು.

"ಅಲ್ವಾ?" ಎಂದರು ಅಂಕಲ್.

"ಹೌದು ಅಂಕಲ್" ಎಂದೆ.

ಅವರು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು. "ಅವಳು ನಿನ್ನ ಹತ್ರ ಇನ್ನೇನೇನು ಮಾತಾಡಿದಳು ಟ್ರಾಮಿನಲ್ಲಿ? ಮೊದಲಿಂದ ಹೇಳು" ಎಂದರು.

ನಾನು ಮೊದಲಿಂದ ಹೇಳತೊಡಗಿದೆ.