ಹೊರಗಿನವಳಿಗೆ ಬಿದ್ದ ಕನಸು

ಕ್ಯಾರಿಯಾಕೂ ದ್ವೀಪದ ಗಾಳಿ ಬೀಸುವ ಮಗ್ಗುಲಲ್ಲಿ ದೋಣಿ ಕಟ್ಟುವವರ ಕೇರಿ ನಮ್ಮದು. ಅಥಲಿನ್ ಅಕ್ಕನ ಮನೆ ನಮ್ಮ ಬೇಲಿಯಾಚೆಯೇ. ಅವಳ ಗಂಡ ಹ್ಯೂಬರ್ಟ್ ದೋಣಿಗಳಿಗೆ ಹಾಯಿ ಹೊಲಿಯುತ್ತಿದ್ದ. ಅವನು ತೀರಿಕೊಂಡ ಮೇಲೆ ಅಕ್ಕ, ಸಮುದ್ರದ ಕಡೆಗಿದ್ದ ಅವನ ಕೋಣೆಯನ್ನು ಬೆನ್ನಿಗೆ ಚೀಲ ಹೊತ್ತು ಬರುವ ಹೊರಗಿನವರಿಗೆ ಬಾಡಿಗೆಗೆ ಕೊಡತೊಡಗಿದಳು. ಅವನು ಬಿಟ್ಟುಹೋದ ಹಾಯಿಬಟ್ಟೆಯಲ್ಲೇ ಒಂದು ಜೋಲಿ ಮಾಡಿ ಜಗಲಿಯಲ್ಲಿ ಕಟ್ಟಿದಳು. ಎರಡು ದಿನಕ್ಕೆಂದು ಬಂದವರು ಆ ಜೋಲಿಗೆ ಬಿದ್ದು, ಯಾವ ಊರಿಗೆ ಹೊರಟಿದ್ದೆವೆಂಬುದನ್ನೇ ಮರೆಯುತ್ತಿದ್ದರು.

ಸತ್ತ ಕೂಡಲೇ ಸಮಾಧಿಗೆ ಕಲ್ಲು ನೆಡುವುದು ನಮ್ಮಲ್ಲಿಲ್ಲ. ಕಲ್ಲು ಮಾಡಿಸಿ ಇಟ್ಟುಕೊಂಡು ಕಾಯಬೇಕು. ಸತ್ತವರು ಕನಸಿನಲ್ಲಿ ಬಂದು ಊಟ ಕೇಳಬೇಕು. ಕೇಳಿದ್ದನ್ನು ಬೇಯಿಸಿ, ಎಡೆಯಿಟ್ಟು, ಆಮೇಲೆ ಕಲ್ಲು. ನನ್ನ ತಾಯಿ ವರ್ಷ ತುಂಬುವ ಮೊದಲೇ ಬಂದು, ಇಂಥದೇ ಮೀನು ಬೇಕೆಂದು ಹೆಸರು ಹಿಡಿದು ಕೇಳಿದ್ದಳು. ಹ್ಯೂಬರ್ಟ್ ಮಾತ್ರ ಬರಲಿಲ್ಲ. ಅವನ ಕಲ್ಲು ಗೋಣಿಚೀಲ ಹೊದ್ದು, ಕಂಬಗಳ ಮೇಲೆ ನಿಂತ ಮನೆಯ ಅಡಿಯಲ್ಲಿ ವರ್ಷಗಳಿಂದ ಮಲಗಿತ್ತು.

ಬೆಳಿಗ್ಗೆ ಬೇಲಿಯ ಹತ್ತಿರ ಸಿಕ್ಕರೆ ಅಕ್ಕ ತಾನೇ ಹೇಳಿಬಿಡುತ್ತಿದ್ದಳು: "ಕೇಳ್ಬೇಡ ಕಣೆ. ಬರ್ಲಿಲ್ಲ."

ಒಮ್ಮೆ ಬಟ್ಟೆ ಹಿಂಡುತ್ತ ಸಣ್ಣ ದನಿಯಲ್ಲಿ ಅಂದಳು: "ಅವನಿಗೆ ನನ್ನ ಮೇಲೆ ಸಿಟ್ಟು. ಅವನ ಕೋಣೇಲಿ ಕಂಡಕಂಡವರನ್ನ ಮಲಗಿಸ್ತೀನಲ್ಲ, ಅದಕ್ಕೇ."

ಆ ರಾತ್ರಿ ನಾನು ಪ್ರಾರ್ಥನೆಯಲ್ಲಿ ಅವಳ ಹೆಸರು ಸೇರಿಸಿಕೊಂಡೆ.

ಆ ವರ್ಷ ಬೇಸಿಗೆಯಲ್ಲಿ ಮಾರಿಟ್ ಬಂದಳು. ಎಲ್ಲೋ ಚಳಿಯ ದೇಶದ ಹುಡುಗಿ. ಬಿಸಿಲಿಗೆ ಮೂಗಿನ ಚರ್ಮ ಸುಲಿದಿತ್ತು. ಚಪ್ಪಲಿಯನ್ನು ಮೊದಲ ದಿನವೇ ಎಲ್ಲೋ ಕಳೆದುಕೊಂಡಿದ್ದಳು, ಹುಡುಕಲೂ ಇಲ್ಲ. ಕೇರಿಯ ಮಕ್ಕಳಂತೆ ಅಕ್ಕನನ್ನು "ತಾಂತಿ", ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು. ಬೆಳಿಗ್ಗೆ ಈಜುವುದು, ನನ್ನ ಜೊತೆ ಕೂತು ತೊಗರಿಕಾಯಿ ಸುಲಿಯುವುದು, ಉಳಿದ ಹೊತ್ತು ಜೋಲಿಯಲ್ಲಿ ಮಲಗುವುದು. ಮಧ್ಯಾಹ್ನವಾದರೆ ನಮ್ಮ ಕೇರಿಯಲ್ಲಿ ನೆರಳೂ ನಿದ್ದೆ ಮಾಡುತ್ತದೆ. ಸಮುದ್ರ ಹಸಿರಿನಿಂದ ನೀಲಿಗೆ, ನೀಲಿಯಿಂದ ಬೆಳ್ಳಗೆ ತಿರುಗುವುದು ಕಾಣುತ್ತದೆ. ತಿರುಗಿದ ಗಳಿಗೆ ಮಾತ್ರ ಯಾರಿಗೂ ಕಾಣುವುದಿಲ್ಲ.

ಅಂಥದೇ ಒಂದು ಮಧ್ಯಾಹ್ನ ಅಕ್ಕ, ಅವಳ ಮೈದುನ ಸಿಮಿಯನ್, ನಾನು ಮೂವರೂ ಜಗಲಿಯಲ್ಲಿದ್ದೆವು. ಮಾರಿಟ್ ಜೋಲಿಯಲ್ಲಿ ಎದ್ದು ಕೂತು ಕಣ್ಣುಜ್ಜಿಕೊಂಡಳು.

"ತಾಂತಿ, ಆ ಅಜ್ಜ ಎಲ್ಲಿ ಹೋದ್ರು?"

"ಯಾವ ಅಜ್ಜ?"

"ಪ್ಯಾಂಟಿನ ಒಂದು ಕಾಲು ಮಾತ್ರ ಮಡಚಿಕೊಂಡಿದ್ರಲ್ಲ. 'ಸ್ವಲ್ಪ ಸರ್ಕೊಳಮ್ಮ' ಅಂತ ಪಕ್ಕದಲ್ಲೇ ಕೂತ್ರು. ಜೋಳದ ಮುದ್ದೆ, ತೊಗರಿಕಾಳು ಬೇಕು ಅಂದ್ರು. ಅವಳಿಗೆ ಹೇಳು, ಉಪ್ಪು ಹಾಕೋದು ಬೇಡ ಅಂತಾನೂ ಅಂದ್ರು." ಆಮೇಲೆ ತಾನೇ ನಕ್ಕಳು. "ಓ, ಕನಸು!"

ಅಕ್ಕನ ಕೈಯಲ್ಲಿದ್ದ ಮೊರ ಜಾರಿ, ಕಾಳೆಲ್ಲ ಜಗಲಿಯ ತುಂಬ ಹರಡಿತು. ಹಾಗೆ ಒಂದೇ ಕಾಲು ಮಡಚಿಕೊಳ್ಳುತ್ತಿದ್ದವನು ಹ್ಯೂಬರ್ಟ್. ಸತ್ತವರ ಎಡೆಗೆ ನಾವು ಉಪ್ಪು ಹಾಕುವುದಿಲ್ಲ. ಆ ಮಾತು ಹುಡುಗಿಗೆ ಯಾರೂ ಹೇಳಿರಲಿಲ್ಲ.

ಸಿಮಿಯನ್ ಮೊದಲು ಬಾಯಿಬಿಟ್ಟ. "ಬದುಕಿದ್ದಾಗ ಡಾಕ್ಟ್ರು ಬಡ್ಕೊಂಡ್ರೂ ಉಪ್ಪು ಬಿಡದವನು, ಈಗ ಬಿಟ್ನಾ?" ನಗಲು ನೋಡಿದ, ಆಗಲಿಲ್ಲ. "ಆದ್ರೂ ಅತ್ತಿಗೆ, ಇದು ಲೆಕ್ಕಕ್ಕಿಲ್ಲ. ಕನಸು ಮನೆಯವರಿಗೆ ಬೀಳ್ಬೇಕು. ಈ ಹುಡುಗಿ ನಮಗೇನಾಗ್ಬೇಕು? ಒಡಹುಟ್ಟಿದ ನನ್ನ ಬಿಟ್ಟು ಇವಳ ಹತ್ರ ಬರ್ತಾನಾ?"

"ನಿನ್ನ ಗೊರಕೆ ಕೇಳಿದ್ರೆ ದೆವ್ವಾನೂ ಬಾಗಿಲಿಂದಾನೇ ವಾಪಸ್ ಹೋಗುತ್ತೆ," ಅಂದಳು ಅಕ್ಕ. "ನನಗೋ, ಅವನು ಹೋದಾಗಿಂದ ರೆಪ್ಪೆಗೆ ರೆಪ್ಪೆ ಅಂಟಿಲ್ಲ. ನಿದ್ದೆ ಇರೋ ಕಡೆ ತಾನೇ ಕನಸು ಬರೋದು?"

ಸಿಮಿಯನ್ ನನ್ನ ಕಡೆ ತಿರುಗಿದ. "ಇಗರ್ಜಿ ತಪ್ಪಿಸದವಳು ನೀನು. ನೀನೇ ಹೇಳು."

"ದೇವರು ಯಾರ ನಿದ್ದೇಲಿ ಯಾರನ್ನ ಕಳಿಸ್ಬೇಕು ಅಂತ ನಮ್ಮನ್ನ ಕೇಳ್ತಾನಾ, ಸಿಮಿಯನ್?"

ಅಕ್ಕ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಚೆಲ್ಲಿದ ಕಾಳಿನ ಮೇಲೆಯೇ ನಡೆದುಹೋಗಿ ಹುಡುಗಿಯ ಮುಂದೆ ಕೂತಳು.

"ಮುಖ ಹೇಗಿತ್ತು ಮಗಾ? ಸಿಟ್ಟಲ್ಲಿದ್ನಾ?"

ಮಾರಿಟ್ ಅವಸರ ಮಾಡಲಿಲ್ಲ. ಕನಸಿನ ಒಳಗೆ ಮತ್ತೆ ಹೋಗಿ ನೋಡಿ ಬರುವವಳ ಹಾಗೆ ಕಣ್ಣು ಮುಚ್ಚಿದಳು.

"ಇಲ್ಲ ತಾಂತಿ. ನಿದ್ದೆ ಬಂದವರ ಹಾಗಿದ್ರು. ಜೋಲಿಯ ಹೊಲಿಗೆ ಮುಟ್ಟಿ ಮುಟ್ಟಿ ನೋಡಿದ್ರು. 'ಪರವಾಗಿಲ್ಲ, ಹೊಲಿಯೋಕೆ ಕಲ್ತಿದಾಳೆ' ಅಂದ್ರು."

ಅಕ್ಕ ತನ್ನ ಮೇಲಂಗಿಯ ತುದಿಯಿಂದ ಮುಖ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಾಳೆಂದು ನಾವು ತಿಳಿದೆವು. ನಗುತ್ತಿದ್ದಳು.

ಕನಸು ಯಾರಿಗೆ ಬಿತ್ತೋ ಅವರೇ ಎಡೆಯಿಡಬೇಕು. ಮಾರಿಟ್ ತನ್ನ ಪ್ರಯಾಣ ಮುಂದೂಡಿದಳು. ಕೇರಿಯ ಹೆಂಗಸರೆಲ್ಲ ಕೂಡಿ ಬೇಯಿಸಿದೆವು. ಹ್ಯೂಬರ್ಟನ ಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಹುಡುಗಿ ಬರಿಗಾಲಲ್ಲಿ, ಉಸಿರು ಬಿಗಿಹಿಡಿದು ತಟ್ಟೆಗಳನ್ನಿಟ್ಟು ಬಂದಳು. ಬಾಗಿಲು ಮುಚ್ಚಿದೆವು. ಆ ರಾತ್ರಿ ಅವಳು ನಮ್ಮ ಮನೆಯಲ್ಲಿ ಮಲಗಿದಳು.

ಮರುದಿನ ಗಂಡಸರು ಕಲ್ಲನ್ನು ಹೊತ್ತು ಗುಡ್ಡ ಹತ್ತಿಸಿದರು. ತಾನೇ ಮುಂದೆ ನಿಂತು ಭುಜ ಕೊಟ್ಟವನು ಸಿಮಿಯನ್. ಮೊದಲು ನೀರು, ಆಮೇಲೆ ರಮ್ ಸುರಿದು ನೆಲ ನೆನೆಸಿದೆವು. ಕಲ್ಲು ಕೂತಿತು. ಎಲ್ಲರೂ ಪ್ರಾರ್ಥನೆ ಮುಗಿಸಿದ ಮೇಲೂ ಅಕ್ಕ ಮಂಡಿಯೂರಿಯೇ ಇದ್ದಳು. ಕಲ್ಲಿನ ಮೇಲೆ ಅಂಗೈ ಇಟ್ಟು, ಅಡುಗೆಮನೆಯಿಂದ ಕೂಗಿ ಹೇಳುವ ಹಾಗೆ ಹೇಳಿದಳು:

"ಕೇಳಿಸ್ತಾ? ನಾಳೆ ದೋಣೀಲಿ ಇನ್ನಿಬ್ಬರು ಬರ್ತಿದಾರೆ. ನಿನ್ನ ಕೋಣೇಲೇ ಮಲಗಿಸ್ತೀನಿ."